ಚಾವಣಿಯಿಂದ ಗೋಡೆಗೆ: ವಸ್ತುಸಂಗ್ರಹಾಲಯದ ಶರತ್ಕಾಲೀನ ಕಾರ್ಯಕ್ರಮಗಳ ಒಂದು ವಿಮರ್ಶೆ

೧

ಪ್ರಾಚೀನ ಕವಿಗಳು ಬಣ್ಣಿಸಿದ ಶರದೃತುವಿನ ನಿರ್ಮಲತೆ ಮುಂಬಯಿಗೆ ಒದಗಿಬಂದುದಲ್ಲ. ಮಳೆ ಹಿಂದೆಗೆದೊಡನೆ ಇಲ್ಲಿ ಬಿಸಿಲು ಏರುತ್ತದೆ, ಬೆವರು ಹೆಚ್ಚುತ್ತದೆ. ಆದರೂ ನವರಾತ್ರಿಯಿಂದ ದೀಪಾವಳಿಯವರೆಗಿನ ಈ ಅವಧಿಯೇ ನಗರದ ಕುಟುಂಬಗಳಿಗೆ ಒಟ್ಟಾಗಿ ಹೊರಡಲು ಅನುಕೂಲವಾದ ಕಾಲ. ಶಾಲೆಗಳಿಗೆ ರಜೆ, ಕಚೇರಿಗಳಿಗೆ ಹಬ್ಬದ ಬಿಡುವು. ಊರಿಗೆ ಹೋಗಲಾರದವರು, ಹೋಗಲು ಊರೇ ಉಳಿಯದವರು ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋಗಬೇಕೆಂದು ಯೋಚಿಸುವುದು ಈ ದಿನಗಳಲ್ಲಿಯೇ. ಆ ಯೋಚನೆಗೆ ವಸ್ತುಸಂಗ್ರಹಾಲಯವು ನೀಡುವ ಉತ್ತರವೇ ಶರತ್ಕಾಲದ ಕಾರ್ಯಕ್ರಮ: ಒಂದೆರಡು ಚಲಚ್ಚಿತ್ರಗಳ ಪ್ರದರ್ಶನ, ಮಣ್ಣಿನ ಕೆಲಸ, ಚಿತ್ರರಚನೆ, ಕಥೆ ಹೇಳುವುದು, ಮಾರ್ಗದರ್ಶಕರೊಡನೆ ಒಂದು ಸುತ್ತು.

ಇಂಥ ಕಾರ್ಯಕ್ರಮಗಳನ್ನು ಕನ್ನಡದ ವಿಮರ್ಶೆ ಇದುವರೆಗೆ ತನ್ನ ವಿಷಯವೆಂದು ಹೆಚ್ಚಾಗಿ ಎಣಿಸಿಲ್ಲ. ಗ್ರಂಥವನ್ನು ವಿಮರ್ಶಿಸುವುದುಂಟು, ನಾಟಕವನ್ನು ವಿಮರ್ಶಿಸುವುದುಂಟು. ಮಕ್ಕಳ ರಜೆಯ ಒಂದು ಅಪರಾಹ್ಣವನ್ನು ವಿಮರ್ಶಿಸುವುದೇನು ಬಂತು ಎಂಬ ಉಪೇಕ್ಷೆ ಸಹಜ. ಆದರೆ ಪರಭಾಷೆಯ ಮಹಾನಗರದಲ್ಲಿ ಹುಟ್ಟಿ ಬೆಳೆಯುವ ಕನ್ನಡದ ಮಗುವಿಗೆ ತನ್ನ ನಾಡಿನ ಶಿಲ್ಪ, ಶಾಸನ, ಇತಿಹಾಸಗಳು ಕಣ್ಣಿಗೆ ಬೀಳುವ ಸಂದರ್ಭಗಳು ಎಷ್ಟಿವೆ ಎಂಬುದನ್ನು ಲೆಕ್ಕ ಹಾಕಿದರೆ ಈ ಉಪೇಕ್ಷೆ ಉಚಿತವಲ್ಲವೆಂಬುದು ಸ್ಪಷ್ಟವಾಗುತ್ತದೆ.

೨

ವಸ್ತುಸಂಗ್ರಹಾಲಯವು ಮಕ್ಕಳನ್ನು ಉದ್ದೇಶಿಸಿ ಕೆಲಸ ಮಾಡಬೇಕೆಂಬ ವಿಚಾರ ಹೊಸದೇನೂ ಅಲ್ಲ. ಅಮೆರಿಕದ ಬ್ರೂಕ್‌ಲಿನ್‌ನಲ್ಲಿ ಮಕ್ಕಳಿಗಾಗಿಯೇ ಒಂದು ಸಂಗ್ರಹಾಲಯ ೧೮೯೯ರಲ್ಲಿ ಆರಂಭವಾಯಿತು. ಚಲಚ್ಚಿತ್ರವೂ ಸಂಗ್ರಹಯೋಗ್ಯವಾದ ಕಲೆಯೆಂಬ ಮಾತಿಗೆ ೧೯೩೫ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ತನ್ನ ಚಿತ್ರಭಂಡಾರವನ್ನು ಸ್ಥಾಪಿಸಿ ಮನ್ನಣೆ ನೀಡಿತು. ಭಾರತದಲ್ಲಿ ಮಕ್ಕಳ ಚಲಚ್ಚಿತ್ರ ಸಂಸ್ಥೆ ೧೯೫೫ರಲ್ಲಿಯೂ, ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಗಾರ ೧೯೬೪ರಲ್ಲಿಯೂ ಹುಟ್ಟಿದವು.

ಮುಂಬಯಿಯಲ್ಲಿ ಈ ಎರಡು ಧಾರೆಗಳೂ ಕೂಡುವುದಕ್ಕೆ ವಿಶೇಷವಾದ ಔಚಿತ್ಯವಿದೆ. ಕಾಳಾಘೋಡಾದಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯಕ್ಕೆ ೧೯೦೫ರ ನವೆಂಬರಿನಲ್ಲಿ ಅಸ್ತಿಭಾರ ಬಿದ್ದಿತು. ಜಾರ್ಜ್ ವಿಟೆಟ್ ರೂಪಿಸಿದ ಆ ಗುಮ್ಮಟದ ಕಟ್ಟಡ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂಬ ಹೆಸರಿನಲ್ಲಿ ೧೯೨೨ರ ಜನವರಿಯಲ್ಲಿ ಸಾರ್ವಜನಿಕರಿಗೆ ತೆರೆಯಿತು. ಅದರಿಂದ ಕೂಗಳತೆಯ ದೂರದಲ್ಲಿರುವ ವಾಟ್ಸನ್ ಹೋಟೆಲಿನಲ್ಲಿಯೇ ೧೮೯೬ರ ಜುಲೈ ೭ರಂದು ಲ್ಯುಮಿಯೇರ್ ಸೋದರರ ಚಿತ್ರಗಳು ಭಾರತದಲ್ಲಿ ಮೊದಲ ಬಾರಿಗೆ ತೆರೆಯ ಮೇಲೆ ಮೂಡಿದವು. ಪ್ರವೇಶದರ ಒಂದು ರೂಪಾಯಿ. ಸಂಗ್ರಹಾಲಯದ ಆವರಣದಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ವಿಭಾಗ ೨೦೧೯ರಲ್ಲಿ ತೆರೆಯಿತು; ಶಾಲೆಗಳ ಬಾಗಿಲಿಗೆ ವಸ್ತುಗಳನ್ನು ಒಯ್ಯುವ ಸಂಚಾರಿ ಬಸ್ಸು ಅದಕ್ಕೂ ಮುಂಚೆ, ೨೦೧೫ರಲ್ಲಿಯೇ, ಹೊರಟಿತ್ತು. ಪೆಡರ್ ರಸ್ತೆಯ ಗುಲ್ಶನ್ ಮಹಲಿನಲ್ಲಿ ಭಾರತೀಯ ಚಲಚ್ಚಿತ್ರದ ರಾಷ್ಟ್ರೀಯ ಸಂಗ್ರಹಾಲಯ ಉದ್ಘಾಟನೆಗೊಂಡುದೂ ೨೦೧೯ರಲ್ಲಿಯೇ. ಭಾಯಖಳಾದ ಡಾ. ಭಾವು ದಾಜಿ ಲಾಡ್ ಸಂಗ್ರಹಾಲಯ ಇವೆಲ್ಲಕ್ಕಿಂತ ಹಳೆಯದು. ಈಗಿನ ಕಟ್ಟಡದಲ್ಲಿ ಅದು ತೆರೆದುದು ೧೮೭೨ರಲ್ಲಿ.

ಹೀಗೆ ಸಾಧನಗಳಿಗೆ ಕೊರತೆಯಿಲ್ಲ. ಸಾಧನಗಳ ಪ್ರಯೋಜನವೇನು ಎಂಬುದೇ ವಿಚಾರಣೀಯವಾದ ವಿಷಯ. ಚಲಚ್ಚಿತ್ರವೂ ಕೈಗೆಲಸವೂ ಬಂದವರನ್ನು ವಸ್ತುವಿನ ಬಳಿಗೆ ಕರೆದೊಯ್ಯುತ್ತವೆಯೇ, ಅಥವಾ ವಸ್ತುವಿನಿಂದ ದೂರ ಸೆಳೆಯುತ್ತವೆಯೇ? ವಸ್ತುಸಂಗ್ರಹಾಲಯದ ಯಾವ ಕಾರ್ಯಕ್ರಮವನ್ನಾದರೂ ತೂಗಲು ಇದಕ್ಕಿಂತ ನ್ಯಾಯವಾದ ತಕ್ಕಡಿ ಇರಲಾರದು. ಬಂದವರ ಸಂಖ್ಯೆ ವರದಿಯ ಪುಟವನ್ನು ತುಂಬಬಲ್ಲುದು; ಬಂದವರು ಏನನ್ನು ಕಂಡು ಹೋದರೆಂಬುದನ್ನು ಅದು ತಿಳಿಸಲಾರದು.

೩

ಈ ಪ್ರಶ್ನೆಯನ್ನು ಒಂದು ನಿದರ್ಶನದಿಂದ ಪರೀಕ್ಷಿಸುವುದು ಲೇಸು. ಕಾಳಾಘೋಡಾದ ಸಂಗ್ರಹಾಲಯದ ಶಿಲ್ಪವಿಭಾಗದಲ್ಲಿ ಐಹೊಳೆಯ ಹುಚ್ಚಪ್ಪಯ್ಯನ ಗುಡಿಯಿಂದ ಬಂದ ಮೂರು ದೊಡ್ಡ ಶಿಲಾಫಲಕಗಳಿವೆ: ಋಷಿಗಳಿಂದ ಪರಿವೃತನಾದ ಬ್ರಹ್ಮ, ವಿಷ್ಣು, ಶಿವ. ಬಾದಾಮಿ ಚಾಲುಕ್ಯರ ಕಾಲದ, ಏಳನೆಯ ಶತಮಾನದ ಕೃತಿಗಳೆಂದು ಇವು ಪ್ರಸಿದ್ಧವಾಗಿವೆ. ಇವುಗಳ ಮುಂದೆ ನಿಲ್ಲುವ ಪ್ರೇಕ್ಷಕನಿಗೆ ಇವು ಗೋಡೆಯ ಶಿಲ್ಪಗಳಂತೆ ತೋರುತ್ತವೆ. ಆದರೆ ಇವು ಗೋಡೆಗಾಗಿ ಹುಟ್ಟಿದವಲ್ಲ. ಮಂಟಪದ ಚಾವಣಿಗಾಗಿ ಹುಟ್ಟಿದವು. ಇವನ್ನು ಕಡೆದ ಶಿಲ್ಪಿ ಕತ್ತೆತ್ತಿ ನೋಡುವ ಭಕ್ತನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನು. ಮಂಟಪದ ಅರೆಗತ್ತಲೆ, ಬಾಗಿಲಿನಿಂದ ನುಸುಳಿ ಬರುವ ಬೆಳಕು, ನೆಲದಿಂದ ಚಾವಣಿಗಿರುವ ಅಂತರ, ಎಲ್ಲವೂ ಅವನ ಲೆಕ್ಕದಲ್ಲಿದ್ದುವು. ತಲೆಯ ಮೇಲೆ ಆಕಾಶದಂತೆ ಹರಡಿದ್ದ ದೇವತೆಗಳು ಈಗ ಕಣ್ಣಿನ ಮಟ್ಟಕ್ಕೆ ಇಳಿದು ಎದುರು ನಿಂತಿದ್ದಾರೆ.

ಇದು ಸಂಗ್ರಹಾಲಯದ ಅಪರಾಧವಲ್ಲ. ಯಾವ ಸಂಗ್ರಹಾಲಯವೂ ವಸ್ತುವನ್ನು ಅದರ ನೆಲೆಯಿಂದ ಬಿಡಿಸದೆ ಕಾಪಾಡಲಾರದು. ಐಹೊಳೆ ಆಗ ವಿಜಾಪುರ ಜಿಲ್ಲೆಗೆ ಸೇರಿತ್ತು. ವಿಜಾಪುರ ಮುಂಬಯಿ ಪ್ರಾಂತದಲ್ಲಿತ್ತು. ಕನ್ನಡ ಜಿಲ್ಲೆಗಳ ಅರಸುಮನೆತನಗಳ ಇತಿಹಾಸವನ್ನು ಫ್ಲೀಟರು ಬರೆದುದು ಮುಂಬಯಿ ಗ್ಯಾಸೆಟಿಯರಿಗಾಗಿ. ಆ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ಕುರಿತ ಹೆನ್ರಿ ಕೌಸೆನ್ಸರ ಗ್ರಂಥ ಹೊರಬಂದುದು ೧೯೨೬ರಲ್ಲಿ. ಪ್ರಾಂತದ ರಾಜಧಾನಿಯ ಸಂಗ್ರಹಾಲಯದಲ್ಲಿ ಪ್ರಾಂತದ ಶಿಲ್ಪ ನೆಲೆಸಿದುದರಲ್ಲಿ ಆ ಕಾಲದ ದೃಷ್ಟಿಯಿಂದ ಅಸಹಜವೇನೂ ಇರಲಿಲ್ಲ. ೧೯೫೬ರ ನವೆಂಬರ್ ೧ರಂದು ವಿಜಾಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡಗಳು ಮೈಸೂರು ರಾಜ್ಯವನ್ನು ಸೇರಿದವು. ಜಿಲ್ಲೆ ಹೋಯಿತು, ಕಲ್ಲು ಉಳಿಯಿತು. ಜಿಲ್ಲೆಯ ಜನರಲ್ಲಿಯೂ ಅನೇಕರು ಉಳಿದರು.

ಈ ದೃಷ್ಟಿಯಿಂದ ನೋಡಿದಾಗ ಆ ಮೂರು ಫಲಕಗಳು ಕೇವಲ ಕಲಾಕೃತಿಗಳಲ್ಲ, ಮುಂಬಯಿಯ ಕನ್ನಡಿಗರ ಸ್ಥಿತಿಗೆ ಸಾಕ್ಷಿಗಳೂ ಹೌದು. ಅಷ್ಟೇ ಅಲ್ಲ, ಈ ಸಾಕ್ಷ್ಯ ಏಕಮುಖವಾದುದೂ ಅಲ್ಲ. ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿ ಬರೆಸಿದ ಶಕ ೫೫೬ರ, ಎಂದರೆ ಕ್ರಿ.ಶ. ೬೩೪ರ ಪ್ರಶಸ್ತಿಶಾಸನವು ಇಮ್ಮಡಿ ಪುಲಕೇಶಿಯು ಕೊಂಕಣದ ಮೌರ್ಯರನ್ನು ಸೋಲಿಸಿದುದನ್ನೂ, ಪಶ್ಚಿಮಸಮುದ್ರದ ಪುರಿಯೆಂಬ ನಗರವನ್ನು ನೂರಾರು ನೌಕೆಗಳಿಂದ ಮುತ್ತಿದುದನ್ನೂ ಹೇಳುತ್ತದೆ. ಆ ಪುರಿ ಯಾವುದೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಮತಭೇದವಿದೆ. ಅದು ಘಾರಾಪುರಿಯೇ, ಎಂದರೆ ಎಲಿಫೆಂಟಾ ದ್ವೀಪವೇ, ಎಂಬುದು ಅವುಗಳಲ್ಲಿ ಒಂದು ಮತ. ಬೋರಿವಲಿಯ ಕಾಡಿನೊಳಗಿನ ಕಾನ್ಹೇರಿಯ ಗುಹೆಗಳಲ್ಲಿ ಶಿಲಾಹಾರ ಮಾಂಡಲಿಕರಾದ ಪುಲ್ಲಶಕ್ತಿ, ಕಪರ್ದಿಗಳ ಕಾಲದ ಒಂಬತ್ತನೆಯ ಶತಮಾನದ ಸಂಸ್ಕೃತ ಶಾಸನಗಳು ಸಾರ್ವಭೌಮನೆಂದು ಹೆಸರಿಸುವುದು ರಾಷ್ಟ್ರಕೂಟ ಅಮೋಘವರ್ಷನನ್ನು. ಯಾವ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗವು ರೂಪುಗೊಂಡಿತೋ ಅವನ ಹೆಸರು ಉಪನಗರದ ಲೋಕಲ್ ಗಾಡಿಯ ನಿಲ್ದಾಣದಿಂದ ಕೆಲವೇ ಮೈಲಿಗಳ ದೂರದಲ್ಲಿ ಕಲ್ಲಿನಲ್ಲಿ ಉಳಿದಿದೆ. ಅದೇ ಬೋರಿವಲಿಯ ಎಕ್ಸಾರದ ವೀರಗಲ್ಲುಗಳಲ್ಲಿ ಹಡಗುಗಳ ಯುದ್ಧವೇ ಕೆತ್ತಲ್ಪಟ್ಟಿದೆ.

ಇಷ್ಟು ಸಾಮಗ್ರಿ ಒಂದು ನಗರದ ಎಲ್ಲೆಯೊಳಗೇ ಇರುವಾಗ ಶರತ್ಕಾಲದ ಒಂದು ಕಾರ್ಯಕ್ರಮವು ಏನನ್ನು ಸಾಧಿಸಬಹುದಾಗಿತ್ತು, ಸಾಮಾನ್ಯವಾಗಿ ಏನನ್ನು ಸಾಧಿಸುತ್ತದೆ ಎಂಬುದನ್ನು ಹೋಲಿಸಬೇಕು.

೪

ಮೊದಲು ಚಲಚ್ಚಿತ್ರದ ಮಾತು. ಸಂಗ್ರಹಾಲಯದಲ್ಲಿ ಚಿತ್ರ ತೋರಿಸುವುದಕ್ಕೂ ಚಿತ್ರಮಂದಿರದಲ್ಲಿ ತೋರಿಸುವುದಕ್ಕೂ ವ್ಯತ್ಯಾಸವಿರಬೇಕು. ಚಿತ್ರಮಂದಿರದಲ್ಲಿ ಚಿತ್ರ ಮುಗಿದೊಡನೆ ಅನುಭವ ಮುಗಿಯುತ್ತದೆ. ಸಂಗ್ರಹಾಲಯದಲ್ಲಿ ಅದು ಮುಗಿದ ಮೇಲೆ ಆರಂಭವಾಗಬೇಕು. ಹುಚ್ಚಪ್ಪಯ್ಯನ ಗುಡಿಯ ಮಂಟಪವನ್ನೂ, ಅದರ ಕಂಬಗಳನ್ನೂ, ಬೆಳಿಗ್ಗೆಯಿಂದ ಸಂಜೆಯವರೆಗೆ ಅದರೊಳಗೆ ಚಲಿಸುವ ಬೆಳಕನ್ನೂ ಹತ್ತು ನಿಮಿಷ ತೋರಿಸಿದ ಚಿತ್ರವು, ಆ ಬಳಿಕ ಮಗುವನ್ನು ಫಲಕಗಳ ಮುಂದೆ ತಂದು ನಿಲ್ಲಿಸಿದರೆ, ಯಾವ ವಿವರಣಪತ್ರವೂ ಮಾಡಲಾರದ ಕೆಲಸವನ್ನು ಮಾಡುತ್ತದೆ. ಶಿಲ್ಪವು ಕಳೆದುಕೊಂಡ ಚಾವಣಿಯನ್ನು ಚಿತ್ರವು ಅದಕ್ಕೆ ಮರಳಿ ಕೊಡುತ್ತದೆ. ರಜೆಯ ದಿನಗಳೆಂಬ ಒಂದೇ ಕಾರಣದಿಂದ ಯಾವುದೋ ಜನಪ್ರಿಯ ಚಿತ್ರವನ್ನು ತೋರಿಸಿದಾಗ ಸಂಗ್ರಹಾಲಯವು ತಾನು ಸಂಗ್ರಹಾಲಯವೆಂಬುದನ್ನೇ ಎರಡು ಗಂಟೆಗಳ ಕಾಲ ಮರೆಯುತ್ತದೆ.

ಕನ್ನಡದ ಮಟ್ಟಿಗೆ ಸಾಮಗ್ರಿ ಇಲ್ಲವೆಂಬ ಸಬೂಬು ಸಲ್ಲದು. ೧೯೪೮ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಫಿಲ್ಮ್ಸ್ ಡಿವಿಜನ್ನಿಗಾಗಿಯೇ ಗಿರೀಶ ಕಾರ್ನಾಡರು ದ. ರಾ. ಬೇಂದ್ರೆಯವರನ್ನು ಕುರಿತು ಸಾಕ್ಷ್ಯಚಿತ್ರ ನಿರ್ಮಿಸಿದರು. ಮೈಸೂರಿನ ವಿ. ಕೆ. ಮೂರ್ತಿಯವರು ಮುಂಬಯಿಯಲ್ಲಿ ಗುರುದತ್ತರ ೧೯೫೯ರ 'ಕಾಗಜ್ ಕೇ ಫೂಲ್' ಚಿತ್ರಕ್ಕೆ ಒದಗಿಸಿದ ಬೆಳಕು ಭಾರತೀಯ ಛಾಯಾಗ್ರಹಣದ ಇತಿಹಾಸದಲ್ಲಿ ಒಂದು ಅಧ್ಯಾಯ. ಗುರುದತ್ತರು ಹುಟ್ಟಿದುದೂ ಬೆಂಗಳೂರಿನಲ್ಲಿಯೇ. ಕನ್ನಡದ ಮೊದಲ ವಾಕ್ಚಿತ್ರವಾದ ೧೯೩೪ರ 'ಸತಿ ಸುಲೋಚನಾ' ತಯಾರಾದುದು ಕೊಲ್ಲಾಪುರದಲ್ಲಿ; ಅದರ ಪ್ರತಿ ಇಂದು ಉಳಿದಿಲ್ಲ. ಕಲ್ಲು ಹದಿಮೂರು ಶತಮಾನ ಉಳಿಯಿತು, ಚಿತ್ರದ ಸುರುಳಿ ಒಂದು ಶತಮಾನವೂ ಉಳಿಯಲಿಲ್ಲ ಎಂಬ ಒಂದೇ ಮಾತಿನಿಂದ ಸಂಗ್ರಹಾಲಯವೆಂಬುದು ಏಕೆ ಬೇಕೆಂಬುದನ್ನು ಹತ್ತು ವರ್ಷದ ಮಗುವಿಗೂ ತಿಳಿಸಬಹುದು.

ಮಕ್ಕಳನ್ನೇ ಕೇಂದ್ರವಾಗಿಟ್ಟ ಕನ್ನಡ ಚಿತ್ರಗಳೂ ಗಣನೀಯವಾಗಿವೆ. ಟಿ. ಎಸ್. ನಾಗಾಭರಣರ 'ಚಿನ್ನಾರಿ ಮುತ್ತ' (೧೯೯೩) ಹಳ್ಳಿಯಿಂದ ಪಟ್ಟಣಕ್ಕೆ ಬಂದು ಬಿದ್ದ ಹುಡುಗನ ಕಥೆ. ನಾಗತಿಹಳ್ಳಿ ಚಂದ್ರಶೇಖರರ 'ಕೊಟ್ರೇಶಿ ಕನಸು' (೧೯೯೪), ಕುಂ. ವೀರಭದ್ರಪ್ಪನವರ ಕಥೆಯನ್ನು ಆಧರಿಸಿ, ಓದಬೇಕೆಂಬ ದಲಿತ ಬಾಲಕನ ಹಂಬಲವನ್ನೂ ಅದಕ್ಕೆ ಅಡ್ಡ ಬರುವ ಊರನ್ನೂ ಚಿತ್ರಿಸುತ್ತದೆ. ಊರು ಬಿಟ್ಟು ಬಂದವರ ಮಕ್ಕಳಿಗೆ ಇವೆರಡೂ ಪರಕೀಯವಾಗಲಾರವು.

ಇವುಗಳಿಗಿಂತಲೂ ಪ್ರಕೃತಕ್ಕೆ ಹತ್ತಿರವಾದುದು ರಿಷಬ್ ಶೆಟ್ಟಿಯವರ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ' (೨೦೧೮). ಮುಚ್ಚಿಹೋಗುವ ಭಯದಲ್ಲಿರುವ ಗಡಿನಾಡಿನ ಕನ್ನಡ ಶಾಲೆಯೊಂದನ್ನು ಉಳಿಸಿಕೊಳ್ಳಲು ಮಕ್ಕಳು ಹೂಡುವ ಸಾಹಸ ಇದರ ವಸ್ತು. ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಇದಕ್ಕೆ ಸಂದಿತು. ಯಾವ ೧೯೫೬ರ ಪುನರ್ವಿಂಗಡಣೆಯು ವಿಜಾಪುರವನ್ನು ಮುಂಬಯಿಯಿಂದ ಬಿಡಿಸಿ ಐಹೊಳೆಯ ಶಿಲೆಗಳನ್ನು ಇಲ್ಲಿಯೇ ಉಳಿಸಿತೋ, ಅದೇ ಪುನರ್ವಿಂಗಡಣೆಯು ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಅಲ್ಲಿಯ ಕನ್ನಡ ಶಾಲೆಗಳನ್ನು ಗಡಿಯ ಆಚೆ ಉಳಿಸಿತು. ಈ ಚಿತ್ರವನ್ನು ಆ ಶಿಲೆಗಳಿರುವ ಮನೆಯಲ್ಲಿ ತೋರಿಸುವುದಾದರೆ ಎರಡೂ ಒಂದರಿಂದೊಂದು ಅರ್ಥ ಪಡೆಯುತ್ತವೆ. ಎಂಟು ಭಾಷೆಗಳ ಮಾಧ್ಯಮದಲ್ಲಿ ಶಾಲೆಗಳನ್ನು ನಡೆಸುವ ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳ ಮಕ್ಕಳು ಪ್ರೇಕ್ಷಕರಲ್ಲಿದ್ದರಂತೂ ಆ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಚಿತ್ರವು ನಿರ್ದೋಷವಲ್ಲ. ಅದರ ಪೂರ್ವಾರ್ಧದಲ್ಲಿ ಮಕ್ಕಳ ಚೇಷ್ಟೆ, ಮುನಿಸು, ಸ್ನೇಹಗಳಿಗೆ ತಮ್ಮದೇ ಆದ ಗತಿ ಇದೆ. ಶಾಲೆ ಅವರದೆಂಬುದು ಪ್ರತಿಯೊಂದು ದೃಶ್ಯದಲ್ಲಿಯೂ ಅನುಭವಕ್ಕೆ ಬರುತ್ತದೆ. ಉತ್ತರಾರ್ಧದಲ್ಲಿ ಅನಂತನಾಗ್ ಅಭಿನಯಿಸಿದ ಹಿರಿಯರು ಬಂದು ನ್ಯಾಯಾಲಯದಲ್ಲಿ ವಾದಕ್ಕೆ ನಿಲ್ಲುತ್ತಾರೆ. ವಾದವು ರಂಜಕವಾಗಿದೆ, ಅಭಿನಯವು ಪ್ರೌಢವಾಗಿದೆ. ಆದರೆ ಆ ಕ್ಷಣದಿಂದ ಮಕ್ಕಳು ತಮ್ಮ ಕಥೆಯಲ್ಲಿಯೇ ಪ್ರೇಕ್ಷಕರಾಗುತ್ತಾರೆ. ಹಿರಿಯರ ಮಾತು ಗೆಲ್ಲುತ್ತದೆ. ಕಿರಿಯರು ಚಪ್ಪಾಳೆ ತಟ್ಟುತ್ತಾರೆ. ಈ ದೋಷವು ಒಂದು ಚಿತ್ರದ ದೋಷ ಮಾತ್ರವಾಗಿದ್ದರೆ ಇಲ್ಲಿ ಅದರ ಪ್ರಸ್ತಾಪ ಬೇಕಾಗಿರಲಿಲ್ಲ. ಮಕ್ಕಳಿಗಾಗಿ ಹಿರಿಯರು ಏರ್ಪಡಿಸುವ ಬಹುಮಟ್ಟಿನ ಕಾರ್ಯಗಳ ದೋಷವೂ ಅದೇ ಆಗಿದೆ.

೫

ಕುಟುಂಬಗಳಿಗೆಂದು ನಡೆಯುವ ಚಟುವಟಿಕೆಗಳಲ್ಲಿ ಈ ದೋಷ ಇನ್ನೂ ಸ್ಪಷ್ಟ. ಅಚ್ಚು ಹಾಕಿದ ರೇಖೆಗಳೊಳಗೆ ಬಣ್ಣ ತುಂಬುವುದು, ಕತ್ತರಿಸಿಟ್ಟ ಕಾಗದವನ್ನು ಅಂಟಿಸಿ ಮುಖವಾಡ ಮಾಡುವುದು, ಮುಗಿದ ಮೇಲೆ ಪ್ರಮಾಣಪತ್ರ ಪಡೆಯುವುದು: ಇಂಥ ಕೆಲಸಗಳನ್ನು ಸಂಗ್ರಹಾಲಯದಲ್ಲಿ ಮಾಡಿದರೂ ಒಂದೇ, ವಸತಿಸಂಕುಲದ ಸಭಾಗೃಹದಲ್ಲಿ ಮಾಡಿದರೂ ಒಂದೇ. ಪಕ್ಕದ ಕೊಠಡಿಯಲ್ಲಿ ಸಾವಿರದ ಮುನ್ನೂರು ವರ್ಷಗಳ ಶಿಲೆಯಿರುವುದರಿಂದ ಆ ಬಣ್ಣಕ್ಕೆ ಯಾವ ವ್ಯತ್ಯಾಸವೂ ಆಗುವುದಿಲ್ಲ. ಹೆಸರು ಕುಟುಂಬದ್ದಾದರೂ ಕೆಲಸ ಮಕ್ಕಳದು ಮಾತ್ರ. ತಂದೆತಾಯಿಗಳು ಹೊರಗಿನ ಬೆಂಚಿನ ಮೇಲೆ ಮೊಬೈಲನ್ನು ನೋಡುತ್ತ ಕಾಯುವವರು.

ವಿಚಿತ್ರವೆಂದರೆ, ಇದಕ್ಕಿಂತ ಉತ್ತಮವಾದ ಮಾದರಿಗಳು ಇದೇ ಋತುವಿನಲ್ಲಿ, ಇದೇ ನಗರದ ಮನೆಗಳಲ್ಲಿ, ಯಾವ ತಜ್ಞರ ನೆರವೂ ಇಲ್ಲದೆ ನಡೆದು ಬಂದಿವೆ. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಗೆ ಬೊಂಬೆ ಕೂರಿಸುವ ಸಂಪ್ರದಾಯವುಂಟು. ಮೆಟ್ಟಿಲುಮೆಟ್ಟಿಲಾದ ಆ ಜೋಡಣೆಯನ್ನು ಸಂಗ್ರಹಾಲಯದ ಕಣ್ಣಿನಿಂದ ನೋಡಿದವರಿಗೆ ಅದರ ಶಾಸ್ತ್ರ ಹೊಳೆಯುತ್ತದೆ. ಪಟ್ಟದ ಬೊಂಬೆಗಳಿಗೆ ಮೇಲಿನ ಸ್ಥಾನ. ದಶಾವತಾರ, ಅರಮನೆಯ ದರಬಾರು, ಮದುವೆಯ ದಿಬ್ಬಣ, ಕೆಳಗೆ ಸಂತೆ, ಹೊಲ, ರಾಗಿ ಪೈರಿನ ಉದ್ಯಾನ. ಅಜ್ಜಿಯ ಕಾಲದ ಬೊಂಬೆಗೂ ಕಳೆದ ವರ್ಷ ಕೊಂಡ ಬೊಂಬೆಗೂ ಅದರದರ ಚರಿತ್ರೆಯಿದೆ. ಆ ಚರಿತ್ರೆಯನ್ನು ಬಂದವರಿಗೆ ಹೇಳುವ ಹೊಣೆ ಬಹುಶಃ ಮನೆಯ ಹೆಣ್ಣುಮಗುವಿನದು. ನೋಡಲು ಬಂದ ಮಕ್ಕಳು ಒಂದು ಹಾಡು ಹೇಳಿ ಬೊಂಬೆ ಬಾಗಿನ ಪಡೆದು ಹೋಗುತ್ತಾರೆ. ಹಬ್ಬ ಮುಗಿದ ಮೇಲೆ ಬೊಂಬೆಗಳನ್ನು ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುವುದರಲ್ಲಿ ರಕ್ಷಣಾವಿಧಾನವೂ ಅಡಗಿದೆ.

ದೀಪಾವಳಿಯಲ್ಲಿ ಮರಾಠಿ ಮಕ್ಕಳು ಚಾಳುಗಳ ಅಂಗಳದಲ್ಲಿ ಕಟ್ಟುವ ಮಣ್ಣಿನ ಕಿಲ್ಲೆಯೂ ಇದೇ ಜಾತಿಯದು. ಕಲ್ಲು, ಇಟ್ಟಿಗೆ, ಗೋಣಿತಟ್ಟು, ಕೆಮ್ಮಣ್ಣು ಸೇರಿ ರಾಯಗಡವೋ ಪ್ರತಾಪಗಡವೋ ಎದ್ದು ನಿಲ್ಲುತ್ತದೆ. ಬುರುಜಿನ ಮೇಲೆ ಮಣ್ಣಿನ ಮಾವಳೆಯರು, ಸಿಂಹಾಸನದಲ್ಲಿ ಶಿವಾಜಿ ಮಹಾರಾಜರು. ಯಾವ ಬಾಗಿಲು ಎಲ್ಲಿತ್ತೆಂಬ ವಿಷಯದಲ್ಲಿ ಹುಡುಗರ ನಡುವೆ ಜಗಳವಾಗುತ್ತದೆ; ಜಗಳವನ್ನು ತೀರ್ಮಾನಿಸಲು ಪುಸ್ತಕ ಬಿಚ್ಚಬೇಕಾಗುತ್ತದೆ, ಇಲ್ಲವೆ ಹಿರಿಯರನ್ನು ಕೇಳಬೇಕಾಗುತ್ತದೆ. ಕನ್ನಡ, ತುಳು ಮನೆಗಳ ಮಕ್ಕಳೂ ಆ ಮಣ್ಣಿಗೆ ಕೈಹಾಕಿ ಬೆಳೆದವರೇ.

ಈ ಎರಡರಲ್ಲಿಯೂ ಸಾಮಾನ್ಯವಾದ ಅಂಶ ಒಂದೇ: ಮಗು ಇಲ್ಲಿ ಪ್ರೇಕ್ಷಕನಲ್ಲ; ಜೋಡಿಸುವವನು, ವಿವರಿಸುವವನು, ತಪ್ಪಿದರೆ ಉತ್ತರ ಕೊಡಬೇಕಾದವನು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಾಡಿದ ಪ್ರಯೋಗಗಳ ಹಿಂದೆಯೂ, ಮಕ್ಕಳಿಗಾಗಿ 'ಬಾಲಪ್ರಪಂಚ'ವನ್ನು ರಚಿಸಿದ ಶ್ರಮದ ಹಿಂದೆಯೂ ಇದ್ದುದು ಮಗುವಿನ ಬುದ್ಧಿಯಲ್ಲಿ ಇಂಥದೇ ಗೌರವ. ಸಂಗ್ರಹಾಲಯವು ಬಣ್ಣದ ಪೆನ್ಸಿಲನ್ನು ಕೊಡುವುದಕ್ಕೆ ಬದಲಾಗಿ ಐಹೊಳೆಯ ಫಲಕದ ಮುಂದೆ ಮಗುವನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಈ ಕಲ್ಲು ನಿನ್ನ ತಲೆಯ ಮೇಲಿದ್ದರೆ ಯಾವುದನ್ನು ಮೊದಲು ಕಾಣುತ್ತಿದ್ದೆ ಎಂದು ಕೇಳಲಿ. ರಟ್ಟಿನಲ್ಲಿ ಒಂದು ಮಂಟಪವನ್ನು ಕಟ್ಟಿಸಿ, ಮೂರು ಚಿತ್ರಗಳನ್ನು ಅದರ ಚಾವಣಿಗೆ ಅಂಟಿಸಿ, ದೀಪವನ್ನು ಎಲ್ಲಿಡಬೇಕೆಂಬುದನ್ನು ಮಗುವಿಗೇ ಬಿಡಲಿ. ಇದಕ್ಕೆ ಬೇಕಾದ ಖರ್ಚು ಅತ್ಯಲ್ಪ.

ಇನ್ನು ಹಿರಿಯರ ಪಾತ್ರ. ಮುಂಬಯಿಯಲ್ಲಿ ಕಟ್ಟಡದ ಕೆಲಸಕ್ಕೆಂದು ವಿಜಾಪುರ, ಬಾಗಲಕೋಟೆ, ಕಲಬುರ್ಗಿಗಳಿಂದ ಬಂದ ಕುಟುಂಬಗಳಿವೆ. ಹುನಗುಂದ ತಾಲೂಕಿನಿಂದ ಬಂದ ತಾಯಿಯೊಬ್ಬಳು ಆ ಫಲಕಗಳ ಮುಂದೆ ನಿಂತರೆ ಮಾರ್ಗದರ್ಶಕನಿಗೆ ತಿಳಿಯದ ಸಂಗತಿಗಳು ಅವಳಿಗೆ ತಿಳಿದಿರುತ್ತವೆ: ಆ ಕಲ್ಲಿನ ಬಣ್ಣ, ಬೇಸಿಗೆಯಲ್ಲಿ ಅದು ಕಾಯುವ ಬಗೆ, ಗುಡಿಯ ನೆರಳಿನಲ್ಲಿ ದನ ಕಟ್ಟುತ್ತಿದ್ದವರ ಮಾತು. ಅವಳಿಂದ ಅದನ್ನು ಕೇಳುವ ಏರ್ಪಾಡು ಯಾವ ಕಾರ್ಯಕ್ರಮದಲ್ಲಿದೆ? ಪ್ರವೇಶದ್ವಾರದ ವೈಭವ, ಇಂಗ್ಲಿಷಿನ ಗಾಂಭೀರ್ಯ, ಟಿಕೆಟಿನ ಬೆಲೆ ಇವು ಅವಳನ್ನು ಹೊರಗೇ ನಿಲ್ಲಿಸುತ್ತವೆ. ಅವಳ ಮಗುವಿಗೆ ತನ್ನ ತಾಯಿಯ ಊರು ಇಷ್ಟು ದೊಡ್ಡ ಮನೆಯೊಳಗೆ ಗೌರವದ ಸ್ಥಾನದಲ್ಲಿದೆಯೆಂಬುದು ತಿಳಿಯದೆಯೇ ಹೋಗುತ್ತದೆ. ನಷ್ಟವೆಂದರೆ ಇದು. ಶಾಲೆಯಲ್ಲಿ ತಾಯಿಯ ಭಾಷೆಯನ್ನು ಮುಚ್ಚಿಡಲು ಕಲಿಯುತ್ತಿರುವ ಮಗುವಿಗೆ ಅದನ್ನು ತೆರೆದು ತೋರಿಸುವ ಒಂದು ಸಂದರ್ಭ ತಪ್ಪಿಹೋಗುತ್ತದೆ.

೬

ಈ ನಷ್ಟಕ್ಕೆ ಸಂಗ್ರಹಾಲಯವೊಂದನ್ನೇ ಹೊಣೆಯಾಗಿಸುವುದು ನ್ಯಾಯವಲ್ಲ. ಮುಂಬಯಿಯ ಕನ್ನಡಿಗರು ಸಂಸ್ಥೆಗಳನ್ನು ಕಟ್ಟುವುದರಲ್ಲಿ ಎಂದೂ ಹಿಂದೆ ಬಿದ್ದವರಲ್ಲ. ಹಗಲು ಹೋಟೆಲುಗಳಲ್ಲಿ ದುಡಿದ ಹುಡುಗರಿಗಾಗಿ ಅವರು ರಾತ್ರಿಶಾಲೆಗಳನ್ನು ನಡೆಸಿದರು. ಮಾಟುಂಗದಲ್ಲಿ ೧೯೨೬ರಲ್ಲಿಯೇ ಮೈಸೂರು ಅಸೋಸಿಯೇಷನ್ ಹುಟ್ಟಿತು. ಕರ್ನಾಟಕ ಸಂಘವು ನಾಟಕ, ಸಾಹಿತ್ಯಗಳಿಗೆ ನೆಲೆ ಒದಗಿಸಿತು. ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ. ಆದರೆ ಈ ಸಂಸ್ಥೆಗಳ ಚಟುವಟಿಕೆ ಬಹುಮಟ್ಟಿಗೆ ತಮ್ಮ ಸಭಾಗೃಹಗಳ ಒಳಗೆ ನಡೆಯಿತು. ನಗರದ ಸಾರ್ವಜನಿಕ ಸಂಸ್ಥೆಗಳಲ್ಲಿ ತಮ್ಮದಾದುದು ಏನಿದೆ ಎಂದು ಹೊರಗೆ ಹೋಗಿ ನೋಡುವ ಉತ್ಸಾಹ ಅಷ್ಟಾಗಿ ಕಾಣಲಿಲ್ಲ. ಐಹೊಳೆಯ ಫಲಕಗಳನ್ನು ಕರ್ನಾಟಕಕ್ಕೆ ಮರಳಿಸಬೇಕೆಂಬ ಮಾತು ವೇದಿಕೆಯ ಮೇಲೆ ಕರತಾಡನ ಗಳಿಸಬಲ್ಲುದು. ಅವುಗಳ ಮುಂದೆ ಒಂದು ಭಾನುವಾರ ನಿಂತು ಇಪ್ಪತ್ತು ಮಕ್ಕಳಿಗೆ ಕನ್ನಡದಲ್ಲಿ ವಿವರಿಸುವುದಕ್ಕೆ ಕರತಾಡನ ದೊರೆಯದು. ಎರಡನೆಯದೇ ಹೆಚ್ಚು ಕಠಿಣ, ಹೆಚ್ಚು ಫಲಕಾರಿ.

ಆಗಬೇಕಾದ ಕೆಲಸ ದೊಡ್ಡದಲ್ಲ. ಸಂಗ್ರಹಾಲಯದಲ್ಲಿರುವ ಕರ್ನಾಟಕದ ಶಿಲ್ಪಗಳಿಗೆ ಕನ್ನಡ, ಮರಾಠಿ ಎರಡರಲ್ಲಿಯೂ ಒಂದು ಕಿರುಹೊತ್ತಗೆ. ರಜೆಯ ದಿನಗಳಲ್ಲಿ ವಿವರಣೆಗೆ ನಿಲ್ಲಬಲ್ಲ ವಿದ್ಯಾರ್ಥಿಗಳ ಒಂದು ತಂಡ. ಪಾಲಿಕೆಯ ಕನ್ನಡ ಶಾಲೆಗಳಿಗೆ ಒಂದು ಬಸ್ಸಿನ ವ್ಯವಸ್ಥೆ. ಕಾಸರಗೋಡಿನ ಶಾಲೆಯ ಚಿತ್ರಕ್ಕೆ ಒಂದು ಸಂಜೆ. ಕಾನ್ಹೇರಿಗೂ ಎಕ್ಸಾರಕ್ಕೂ ಒಂದೊಂದು ಬೆಳಗಿನ ನಡಿಗೆ. ಮರಾಠಿ ಮಕ್ಕಳೂ ಇದರಲ್ಲಿ ಸೇರಬೇಕು. ಚಾಲುಕ್ಯ, ರಾಷ್ಟ್ರಕೂಟ, ಶಿಲಾಹಾರರ ಇತಿಹಾಸವನ್ನು ಎರಡು ಭಾಷೆಗಳ ನಡುವೆ ಪಾಲು ಮಾಡಲು ಬರುವುದಿಲ್ಲ. ಕಿಲ್ಲೆ ಕಟ್ಟುವ ಹುಡುಗನಿಗೂ ಬೊಂಬೆ ಜೋಡಿಸುವ ಹುಡುಗಿಗೂ ಆ ಕಲ್ಲು ಸಮಾನವಾಗಿ ಸೇರಿದುದು.

ಶಿಲ್ಪವು ಚಾವಣಿಯಿಂದ ಗೋಡೆಗೆ ಇಳಿದುದು ಸರಿಪಡಿಸಲಾಗದ ಸಂಗತಿ. ಆದರೆ ಅದು ಚಾವಣಿಯಲ್ಲಿತ್ತೆಂಬ ಜ್ಞಾನವನ್ನು ಮುಂದಿನ ತಲೆಮಾರಿಗೆ ದಾಟಿಸುವುದು ಸಾಧ್ಯ. ಅದನ್ನು ದಾಟಿಸಬಲ್ಲವರು ಇನ್ನೂ ಈ ನಗರದಲ್ಲಿದ್ದಾರೆ. ಕೇಳಬಲ್ಲ ಮಕ್ಕಳೂ ಇದ್ದಾರೆ. ಇಬ್ಬರಿಗೂ ಬಿಡುವಿರುವ ಕಾಲ ವರ್ಷಕ್ಕೆ ಮೂರು ವಾರ ಮಾತ್ರ.